ಕದ್ದ ಗಿಡಗಳ ಬಾಲ್ಕನಿ

ಕೊಪ್ಪ
೧೮ ಜುಲೈ ೨೦೨೫, ಶುಕ್ರವಾರ

ಪ್ರೀತಿಯ ಯಮುನಾ,

ನೀನು ಕಳಿಸಿದ ಮೂರು ಗೋಣಿಚೀಲಗಳೂ ತಲುಪಿವೆ. ತಲುಪಿ ಒಂದೂವರೆ ತಿಂಗಳ ಮೇಲಾಯಿತು. ಉತ್ತರ ಇಷ್ಟು ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ, ಕಾರಣ ಸೋಮಾರಿತನವಲ್ಲ. ಬೇರು ಸಮೇತ ಕಿತ್ತ ಗಿಡಗಳು ಉಳಿಯುತ್ತವೋ ಇಲ್ಲವೋ ಗೊತ್ತಾಗದೆ ನಿನಗೆ ಏನೆಂದು ಬರೆಯುವುದು? ಸತ್ತವು ಎಂದು ಬರೆಯಲು ಕೈ ಬರುತ್ತಿರಲಿಲ್ಲ. ಬದುಕಿದವು ಎಂದು ಸುಳ್ಳು ಬರೆದರೆ ನೀನು ಅಲ್ಲಿಂದಲೇ ಕಂಡುಹಿಡಿಯುತ್ತಿದ್ದೆ. ನಿನ್ನೆ ಬೆಳಿಗ್ಗೆ ಎಲ್ಲಕ್ಕಿಂತ ಹಟಮಾರಿಯಾದ ಅಬ್ಬಲಿಗೆಯೂ ಒಂದು ಚಿಗುರು ಬಿಟ್ಟಿತು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮಾಡಿದೆ. ನಾರಾಯಣಣ್ಣ ಎತ್ತಿ, ಅವಳು ಸ್ನಾನಕ್ಕೆ ಹೋಗಿದ್ದಾಳೆ ಎಂದರು. ಸಂಜೆ ಮಾಡಿದರೂ ಸ್ನಾನ. ಮರುದಿನ ಮಾಡಿದಾಗ ಅವರಿಗೇ ನಾಚಿಕೆಯಾಗಿ ಹೊಲಿಗೆ ಅಂಗಡಿ, ಮಳೆ, ಕರೆಂಟು ಎಂದು ಏನೇನೋ ಮಾತಾಡಿ ಇಟ್ಟರು. ಈ ಮಳೆಯಲ್ಲಿ ಅಷ್ಟೊಂದು ಸ್ನಾನ ಮಾಡಿದರೆ ನೆಗಡಿಯಾಗುತ್ತದೆ ಕಣೇ. ಅದಕ್ಕೇ ಕಾಗದ. ಫೋನಾದರೆ ಎತ್ತದೆ ಬಿಡಬಹುದು, ಮನೆಗೆ ಬಂದ ಕಾಗದವನ್ನು ಒಡೆಯದೆ ಇರುವಷ್ಟು ಗಟ್ಟಿ ಹೆಂಗಸು ನೀನಲ್ಲ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಯಜಮಾನರ ಮಂಡಿನೋವು ಮಳೆಯ ಜೊತೆ ಬಂದಿದೆ, ಮಳೆಯ ಜೊತೆಗೇ ಹೋಗುತ್ತದೆ ಎಂಬ ನಂಬಿಕೆಯಲ್ಲಿ ಡಾಕ್ಟರ ಹತ್ತಿರ ಹೋಗದೆ ಕೂತಿದ್ದಾರೆ. ಪಾತ್ರೆ ಅಂಗಡಿಗೆ ಈಗ ಗಿರಾಕಿ ಕಡಿಮೆ, ಸುರಿಯುವ ಮಳೆಯಲ್ಲಿ ಯಾರು ಕೊಳಗ ಕೊಳ್ಳಲು ಬರುತ್ತಾರೆ? ಕಲ್ಲೇಶ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಫೋನ್ ನೋಡುತ್ತಾನೆ. ಸೊಸೆ ನಿಶ್ಚಿತಾ ನನ್ನನ್ನು ನೋಡಿಕೊಳ್ಳುತ್ತಾಳೆ, ನಾನು ಅವಳನ್ನು ನೋಡಿಕೊಳ್ಳುತ್ತೇನೆ, ನಮ್ಮಿಬ್ಬರನ್ನು ನೋಡಿ ಗಂಡಸರು ಹೆದರುತ್ತಾರೆ. ಊಟಕ್ಕೆ, ಮಾತಿಗೆ ಯಾವುದಕ್ಕೂ ಕೊರತೆಯಿಲ್ಲ. ನೀನು ಬರುವುದು ನಿಂತಿದೆ, ಅದೊಂದೇ ಕೊರತೆ. ಈ ಕಾಗದ ಬರೆಯುತ್ತಿರುವುದೂ ಅದೊಂದಕ್ಕೇ, ನೀನು ಮೊದಲಿನಂತೆ ಬರಬೇಕು. ಉಳಿದದ್ದೆಲ್ಲ ಗಿಡಗಳ ಸುದ್ದಿ.

ಚೀಲ ತಂದದ್ದು ನಮ್ಮ ಜಟ್ಟಪ್ಪನೇ. ಬಸ್ಸನ್ನು ಅಂಗಡಿ ಎದುರಿಗೇ ನಿಲ್ಲಿಸಿ, ಹಿಂದಿನ ವಾಹನದವರು ಹಾರನ್ ಹೊಡೆಯುತ್ತಿದ್ದರೂ ಲೆಕ್ಕಿಸದೆ ಒಂದೊಂದಾಗಿ ಇಳಿಸಿದ. “ಕುಸುಮಕ್ಕಾ, ಎನ್.ಆರ್. ಪುರದಿಂದ ಯಮುನಕ್ಕ ಕಳಿಸಿದ್ದು. ಎಂತ ಉಂಟು ಮಾರಾಯ್ರೆ ಇದರಲ್ಲಿ, ಹೆಣಭಾರ” ಎಂದ. ಎಷ್ಟೋ ವರ್ಷದಿಂದ ನಿನ್ನ ಕೈಚೀಲ, ನನ್ನ ಕೈಚೀಲ ಹೊತ್ತ ಕಂಡಕ್ಟರು, ಗೋಣಿಚೀಲ ನೋಡಿ ಅವನಿಗೂ ಆಶ್ಚರ್ಯ. ನಾನು ಹಲಸಿನಕಾಯಿ ಕಳಿಸಿದ್ದೀಯೆಂದು ಖುಷಿಯಾದೆ. ಹಪ್ಪಳ ಮಾಡುವುದೆಂದು ಮನಸ್ಸಿನಲ್ಲೇ ತೀರ್ಮಾನವೂ ಆಯಿತು.

ಬಿಚ್ಚಿದರೆ ದಾಸವಾಳ. ಅದರ ಕೆಳಗೆ ಅಬ್ಬಲಿಗೆ, ಗುಲಾಬಿ, ಮೊಳಕೆ ಬಂದ ಡೇರೆ ಹೂವಿನ ಗೆಡ್ಡೆಗಳು, ಶೃಂಗೇರಿಯ ಆಂಥೂರಿಯಂ. ಎಲ್ಲವೂ ನನ್ನ ಮನೆಯಿಂದ ನೀನು ಒಂದಲ್ಲ ಒಂದು ಕಾಲದಲ್ಲಿ ಕದ್ದುಕೊಂಡು ಹೋದವು. ಒಂದು ಚೀಟಿಯಿಲ್ಲ, ಒಂದು ಮಾತಿಲ್ಲ. ಬೇರುಗಳಿಗೆ ಮಾತ್ರ ಅದದೇ ಮಣ್ಣಿನ ಹೆಂಟೆ ಇಟ್ಟು, ಬಾಳೆಪಟ್ಟೆ ಸುತ್ತಿ, ಬಾಳೆನಾರಿನಲ್ಲೇ ಕಟ್ಟಿದ್ದೆ. ಸಿಟ್ಟು ಬಂದವರು ಗಿಡವನ್ನು ಎಸೆಯುತ್ತಾರೆ ಯಮುನಾ. ನೀನು ಬಾಣಂತಿ ಮನೆಯಲ್ಲಿ ಕೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿ ಕಳಿಸಿದ್ದೆ. ನನಗೆ ಅಳು ಬಂದದ್ದು ಆ ಗಂಟುಗಳನ್ನು ಬಿಚ್ಚುವಾಗ.

ನಡೆದದ್ದನ್ನು ನೀನು ಬೇರೆಯವರ ಬಾಯಲ್ಲಿ ಕೇಳಿರುತ್ತೀ, ಒಮ್ಮೆ ನನ್ನ ಬಾಯಲ್ಲೂ ಕೇಳು. ಯುಗಾದಿ ಕಳೆದ ಮೇಲೆ ನೀನು ಬಂದಿದ್ದೆಯಲ್ಲ, ಆಗಷ್ಟೇ ಕಲ್ಲೇಶ ಬಾಲ್ಕನಿಯ ಮೂಲೆಯಲ್ಲಿ ಕ್ಯಾಮರಾ ಹಾಕಿಸಿದ್ದ. ಅಂಗಡಿಯ ಹೆಚ್ಚಿನ ಮಾಲು ನಮ್ಮ ಮೆಟ್ಟಿಲ ಕೆಳಗೆ ಇರುತ್ತದೆ, ಅದನ್ನು ಕಾಯಲಿ ಎಂದು ಹಾಕಿಸಿದ್ದು. ಅದು ಮೆಟ್ಟಿಲನ್ನೂ ನೋಡಿತು, ಗಿಡಗಳನ್ನೂ ನೋಡಿತು. ನಾನು ಎಂದಿನಂತೆ ಕೂತಿರು, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ. ನೀನು ಎಂದಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಬಿಗೋನಿಯಾದ ಒಂದು ಎಲೆ ಮುರಿದು, ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಕೆಳಗೆ ಅಂಗಡಿಯಲ್ಲಿ ಕೂತ ಕಲ್ಲೇಶ ಅದನ್ನು ಫೋನಿನಲ್ಲಿ ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕನಂತೆ. ನಕ್ಕು ಸುಮ್ಮನಿರಬಾರದೆ? ನಮ್ಮ ಗಿಡಗಳ್ಳಿ ಕೊನೆಗೂ ಸಿಕ್ಕಿಬಿದ್ದಳು ಎಂದು ಬರೆದು ಗೆಳೆಯರ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ನಿನ್ನ ಅಣ್ಣನ ಮಗ ರಾಕೇಶ ಇದ್ದಾನೆ ಎಂಬುದೇ ಆ ಹೊತ್ತಿಗೆ ಅವನಿಗೆ ನೆನಪಿರಲಿಲ್ಲ. ರಾಕೇಶ ತನ್ನ ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ ಅದನ್ನು ತೋರಿಸುತ್ತಾ ಹೋದನಂತೆ. ನಿನ್ನ ಅತ್ತಿಗೆಯಂದಿರು, ಬೀಗರು ಎಲ್ಲರೂ ನೋಡಿ ನಕ್ಕರಂತೆ. ನೀನು ಪಾಯಸ ಮುಟ್ಟದೆ ಎದ್ದೆಯಂತೆ.

ಇದೆಲ್ಲ ನನಗೆ ಗೊತ್ತಾದದ್ದು ಚೀಲ ಬಂದ ಮೇಲೆ. ಆ ದಿನ ಕಲ್ಲೇಶನಿಗೆ ಮಧ್ಯಾಹ್ನದ ಊಟ ಹಾಕಲಿಲ್ಲ. ಮದುವೆಯಾದ ಮಗ, ಅಪ್ಪನ ಅಂಗಡಿ ನಡೆಸುವವನು, ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ತಮಾಷೆಗೆ ಮಾಡಿದ್ದು” ಎಂದ. ತಮಾಷೆಯೇ, ಆದರೆ ಯಾರ ಮನೆಯ ತಮಾಷೆ ಯಾರ ಮುಂದೆ ಮಾಡುವುದು ಎಂದು ಒಂದು ಅಂದಾಜು ಬೇಡವೆ?

ಅವನನ್ನೂ ನಿಶ್ಚಿತಾಳನ್ನೂ ಕೂರಿಸಿಕೊಂಡು ಪಾಠ ಮಾಡಬೇಕಾಯಿತು. ನಮ್ಮ ಕಡೆ ಕೇಳಿ ತಂದ ಗಿಡ ಬರುವುದಿಲ್ಲ, ಕದ್ದು ತಂದದ್ದು ಕಾಡಿನ ಹಾಗೆ ಬೆಳೆಯುತ್ತದೆ. ಹಾಗಾಗಿ ಬಂದವರು ಒಂದು ಗಿಡದ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಂತರೆ ಮನೆಯವಳು ಕಾಫಿ ಮಾಡಲು ಒಳಗೆ ಹೋಗಬೇಕು. ಬೇಗ ಬರಬಾರದು. ಬರುವಾಗ ಲೋಟ ಸದ್ದು ಮಾಡಿಕೊಂಡು ಬರಬೇಕು. ಕದಿಯುವವಳು ಸುತ್ತ ಯಾರಿಲ್ಲದಿದ್ದರೂ ಎಡಬಲ ನೋಡಲೇಬೇಕು, ಅದು ಗಿಡಕ್ಕೆ ಸಲ್ಲುವ ಮರ್ಯಾದೆ. ಮುಂದಿನ ವರ್ಷ ಮನೆಯವಳು ಅವಳ ಮನೆಗೆ ಹೋಗಿ ತನ್ನದೇ ಗಿಡ ನೋಡಿ, ಎಷ್ಟು ಚೆನ್ನಾಗಿದೆ, ಎಲ್ಲಿಂದ ತಂದೆ ಎಂದು ಕೇಳಬೇಕು. ಯಾರೋ ಕೊಟ್ಟರು ಕಣೇ ಎಂದು ಅವಳು ಹೇಳಬೇಕು. ಇಷ್ಟು ಹೇಳುವಷ್ಟರಲ್ಲಿ ಕಲ್ಲೇಶನ ಮುಖ ಸಪ್ಪಗಾಗಿತ್ತು. “ಹಂಗಾದ್ರೆ ಇಷ್ಟು ವರ್ಷ ನೀನು ಕಾಫಿ ಮಾಡಿದ್ದು ಅದಕ್ಕನಾ?” ಎಂದ. ಕಾಫಿಗೂ ಮಾಡಿದ್ದೆ ಎಂದೆ. ನಿಶ್ಚಿತಾ ತರೀಕೆರೆ ಕಡೆಯವಳಲ್ಲವೆ, ಅವಳಿಗೆ ಇದು ಹೊಸದು. ನಮ್ಮ ಕಡೆ ಕೇಳಿದರೆ ಕಿತ್ತು ಕೊಟ್ಟುಬಿಡುತ್ತಾರೆ ಎಂದಳು. ಅದಕ್ಕೇ ನಿಮ್ಮ ಕಡೆ ಮಳೆ ಕಡಿಮೆ ಎಂದುಬಿಟ್ಟೆ. ಆಮೇಲೆ ಪಾಪ ಎನಿಸಿ ಅವಳಿಗೆ ಇನ್ನೊಂದು ಕಡುಬು ಹಾಕಿದೆ.

ಪಾಠ ಮಾಡುತ್ತಾ ನನಗೆ ನಮ್ಮ ಅತ್ತೆ ಕಲ್ಲಮ್ಮನೇ ಕಣ್ಣ ಮುಂದೆ ಬಂದರು. ನಾವಿಬ್ಬರೂ ಹೊಸ ಸೊಸೆಯಂದಿರಾಗಿ ಬಂದಿದ್ದ ಆ ಉದ್ದನೆಯ ಬಾಡಿಗೆ ಮನೆ ನೆನಪಿದೆಯಲ್ಲ, ಒಂದೇ ಮಾಡಿನ ಕೆಳಗೆ ನಿಮ್ಮದೊಂದು ಬಾಗಿಲು, ನಮ್ಮದೊಂದು ಬಾಗಿಲು, ನಡುವೆ ಇಬ್ಬರಿಗೂ ಒಂದೇ ಬಟ್ಟೆ ಒಗೆಯುವ ಕಲ್ಲು. ನೀನು ಬಂದ ಹೊಸತು, ಅತ್ತೆಯ ಡೇರೆ ನೋಡಿ ನೇರವಾಗಿ ಒಂದು ಗೆಡ್ಡೆ ಕೊಡುತ್ತೀರಾ ಎಂದು ಕೇಳಿಬಿಟ್ಟೆ. ಅತ್ತೆ ಇಲ್ಲ ಎಂದು ಮುಖ ತಿರುಗಿಸಿ ಒಳಗೆ ಹೋದರು. ನೀನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನ ಮುಂದೆ ಅಳುತ್ತಾ, ಎಂಥ ಜಿಪುಣಿ ನಿಮ್ಮ ಅತ್ತೆ ಎಂದು ಬೈದೆ. ಮರುದಿನ ಅತ್ತೆ ನಿನ್ನನ್ನು ಕೂಗಿ ಕರೆದು, “ಏ ಕೂಸೇ, ನಾನು ಒಳಗೆ ಹೋಗ್ತೀನಿ. ನಂಗೆ ಕಣ್ಣೂ ಕಾಣಲ್ಲ, ಕಿವಿಯೂ ಕೇಳಲ್ಲ” ಎಂದರು. ಆಗಲೂ ನಿನಗೆ ತಿಳಿಯದೆ ಗರುಡಗಂಬದ ಹಾಗೆ ನಿಂತಿದ್ದೆ. ನಾನೇ ಬಂದು ನಿನ್ನ ಬೆನ್ನಿಗೆ ಗುದ್ದಿ, ಕೈಗೆ ಕತ್ತಿ ಕೊಡಬೇಕಾಯಿತು. ನಿನ್ನ ಮೊದಲ ಕಳ್ಳತನ ಅದು, ಮಾಡಿಸಿದವಳು ನಾನು. ಎಂಥ ದಿನಗಳು ಕಣೇ ಅವು. ಕೈಯಲ್ಲಿ ಏನೂ ಇರಲಿಲ್ಲ, ಡೇರೆ ಹೂ ಬಿಟ್ಟಿತೆಂದರೆ ಊರಿಗೇ ನಾವಿಬ್ಬರೇ ಶ್ರೀಮಂತರು ಎಂಬ ಜಂಬ.

ಆಮೇಲೆ ನಿನ್ನನ್ನು ಹಿಡಿಯುವವರಿರಲಿಲ್ಲ. ಶೃಂಗೇರಿಗೆ ಹೋದಾಗ ಲಾಡ್ಜಿನ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಆಂಥೂರಿಯಂ ನೋಡಿ ನಿನ್ನ ಕಣ್ಣು ಬದಲಾದದ್ದು ನನಗೆ ಕಂಡಿತ್ತು. ನಾನು ಮ್ಯಾನೇಜರ ಹತ್ತಿರ ಊಟದ ಹೊತ್ತು, ಬಸ್ಸಿನ ಹೊತ್ತು ಎಂದು ಏನೇನೋ ಕೇಳುತ್ತಾ ನಿಂತೆ. ನೀನು ಬುಡದಲ್ಲಿದ್ದ ಮರಿಯನ್ನು ಎಬ್ಬಿಸುವಷ್ಟರಲ್ಲಿ ಅವನು ತಿರುಗಿಯೇಬಿಟ್ಟ. ಚೀಲದಲ್ಲಿ ಏನಮ್ಮಾ ಎಂದ. ತೆಂಗಿನಕಾಯಿ, ಹೂವಿನ ಕೆಳಗೆ ಮರಿಯನ್ನು ತಳ್ಳಿ, “ಪ್ರಸಾದ ಮಾರಾಯ್ರೆ” ಎಂದೆ ನೀನು. ಅವನು ಚಪ್ಪಲಿ ಬಿಟ್ಟು ಕೈಮುಗಿದ. ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕುತ್ತಾ ಅದನ್ನು ನೆನೆದು ನಕ್ಕದ್ದೇ ನಕ್ಕದ್ದು. ಗಂಡಸರು ಏನಾಯಿತು ಎಂದು ಕೇಳಿ ಕೇಳಿ ಸುಸ್ತಾದರು. ಆ ಮರಿ ನೇರ ನಿನ್ನ ಮನೆಗೇ ಹೋಗಲಿಲ್ಲ, ಮೊದಲು ನನ್ನ ಕುಂಡದಲ್ಲಿ ಬೆಳೆಯಿತು. ಅಲ್ಲಿಂದ ಮತ್ತೆ ನೀನು ಕದ್ದೆ.

ನಾರಾಯಣಣ್ಣ ಎನ್.ಆರ್. ಪುರದಲ್ಲಿ ಹೊಲಿಗೆ ಅಂಗಡಿ ಹಾಕಿ ನೀವು ಅಲ್ಲಿಗೆ ಹೊರಟ ದಿನ ನಾನು ಬಸ್ಸಿನವರೆಗೂ ಬರಲಿಲ್ಲ. ಒಳಗೆ ಅಡುಗೆ ಮಾಡುತ್ತಿದ್ದೆ. ನಿನಗೆ ಅರ್ಥವಾಗಿತ್ತು. ಸಂಜೆ ಹೊರಗೆ ಬಂದು ನೋಡಿದರೆ ನನ್ನ ಅರ್ಧ ಕುಂಡಗಳಲ್ಲಿ ಗುಂಡಿ.

ಇನ್ನು ಬಾಲ್ಕನಿಯ ಸುದ್ದಿ. ಅದರ ಅಳತೆ ನಿನಗೆ ಗೊತ್ತೇ ಇದೆ, ಎರಡು ಚಾಪೆ ಹಾಸಿದರೆ ಕಾಲಿಡಲು ಜಾಗವಿಲ್ಲ. ಮೊದಲೇ ನನ್ನ ಕುಂಡಗಳು ತುಂಬಿದ್ದವು. ಮೂರು ಚೀಲದ ಗಿಡ ಎಲ್ಲಿಡುವುದು? ಯಜಮಾನರು ಕೆಳಗಿಂದ ಬಂದು ನೋಡಿ, “ಸ್ಲ್ಯಾಬ್ ತಡೀತದಾ? ಯಮುನನ ಗಿಡದ ಸಮೇತ ಅಂಗಡಿ ಮೇಲೆ ಬಿದ್ರೆ ಪಾತ್ರೆ ಎಲ್ಲ ತಟ್ಟೆ ಆಗ್ತವೆ” ಎಂದರು. ಹೇಳಿದ್ದು ತಪ್ಪಲ್ಲ, ಒದ್ದೆ ಮಣ್ಣು ಅಂದರೆ ಭಾರವೇ. ಒಂದು ವಾರ ಗಿಡಗಳು ಸ್ನಾನದ ಮನೆಯಲ್ಲಿ ಬಕೆಟ್ಟುಗಳಲ್ಲಿ ನಿಂತಿದ್ದವು, ನಾವು ಅವುಗಳ ಮಧ್ಯೆ ಜಾಗ ಮಾಡಿಕೊಂಡು ಸ್ನಾನ ಮಾಡಿದೆವು.

ಕೊನೆಗೆ ದಾರಿ ಹುಡುಕಿದವಳು ನಿಶ್ಚಿತಾ. ಕುಂಡಗಳನ್ನೆಲ್ಲ ಹಾಲ್‌ಗೆ ತಂದಿಟ್ಟು, ಬಾಲ್ಕನಿಯನ್ನು ತೊಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಬಿಸಿಲು ಮಧ್ಯಾಹ್ನದ ಮೇಲೆ ಎಲ್ಲಿಯವರೆಗೆ ಬರುತ್ತದೆ, ಎರಚಲು ಎಲ್ಲಿಯವರೆಗೆ ಬಡಿಯುತ್ತದೆ, ಎಲ್ಲ ನೋಡಿ ಗುರುತು ಮಾಡಿದಳು. ಭಾರದ ಕುಂಡ ಗೋಡೆಯ ಕಡೆಗೆ, ಹಗುರದ್ದು ಕಂಬಿಯ ಕಡೆಗೆ ಎಂದಳು. ಅಂಗಡಿಯ ಹಳೆಯ ಕಬ್ಬಿಣದ ಪಾತ್ರೆ ಸ್ಟ್ಯಾಂಡ್ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿತ್ತು, ಅದನ್ನು ತಂದು ಗೋಡೆಗೆ ನಿಲ್ಲಿಸಿ ಮೆಟ್ಟಿಲು ಮೆಟ್ಟಿಲಾಗಿ ಗಿಡ ಇಡುವಂತೆ ಮಾಡಿದಳು. ಮಣ್ಣು ಕಡಿಮೆ ಮಾಡಿ ತೆಂಗಿನ ನಾರಿನ ಪುಡಿ, ಭತ್ತದ ಹೊಟ್ಟು ಬೆರೆಸಿದೆವು. ಈಗ ಒಂದೊಂದು ಕುಂಡವನ್ನೂ ನಾನೊಬ್ಬಳೇ ಎತ್ತಬಹುದು. ನೆಗ್ಗಿದ ಅಲ್ಯೂಮಿನಿಯಂ ಡಬರಿ, ಹಿಡಿ ಮುರಿದ ಬಾಣಲೆ, ಬಣ್ಣದ ಡಬ್ಬ ಎಲ್ಲಕ್ಕೂ ಕಲ್ಲೇಶ ಕೂತು ತೂತು ಹೊಡೆದ. ಅದು ಅವನ ಶಿಕ್ಷೆ. ತೂತಿನ ಮೇಲೆ ಇಡಲು ಹಂಚಿನ ಚೂರು ಒಡೆದದ್ದೂ ಅವನೇ. ಬೆರಳಿಗೆ ಏಟು ಮಾಡಿಕೊಂಡು ಬಂದ. ಅರಿಶಿನ ಹಚ್ಚಿ ಮತ್ತೆ ಸುತ್ತಿಗೆ ಕೈಗೆ ಕೊಟ್ಟೆ.

ಒಂದೇ ವಿಷಯಕ್ಕೆ ನನಗೂ ನಿಶ್ಚಿತಾಗೂ ಜಗಳ. ಅವಳು ಬಿಸಿಲು ನೆರಳು ನೋಡಿ ಗಿಡ ಇಡುವವಳು, ನಾನು ಯಾರ ಮನೆಯದು ಎಂದು ನೋಡಿ ಇಡುವವಳು. ಒಂದು ಗಿಡ ತೋರಿಸಿ ಇದರ ಹೆಸರೇನು ಅತ್ತೆ ಎಂದಳು. ಮೇಗುಂದದ ಚಿಕ್ಕಮ್ಮ ಎಂದೆ. ಇನ್ನೊಂದು ತೋರಿಸಿದಳು. ಅದು ಇಲ್ಲೇ ನಾರ್ವೆ ಊರಿನ ಟೀಚರು. ಇನ್ನೊಂದು, ಅದು ಕಲ್ಲಮ್ಮ. “ಅತ್ತೆ, ಇದು ಬಾಲ್ಕನಿನೋ ಕಲ್ಯಾಣ ಮಂಟಪನೋ, ಇಷ್ಟು ಜನ ಅವ್ರೆ” ಎಂದಳು. ನಾರ್ವೆ ಟೀಚರಿಗೂ ಮೇಗುಂದದ ಚಿಕ್ಕಮ್ಮನಿಗೂ ಬದುಕಿದ್ದಾಗ ಆಗುತ್ತಿರಲಿಲ್ಲ, ಅಕ್ಕಪಕ್ಕ ಇಡುವುದು ಬೇಡ ಎಂದೆ. ಇಬ್ಬರಿಗೂ ನೆರಳು ಬೇಕು ಅತ್ತೆ, ಹೊಂದಿಕೊಳ್ಳಲಿ ಎಂದಳು. ಈಗ ಅವರಿಬ್ಬರೂ ಒಂದೇ ಬಾಣಲೆಯಲ್ಲಿದ್ದಾರೆ, ಆಶ್ಚರ್ಯವೆಂದರೆ ಚೆನ್ನಾಗಿಯೇ ಇದ್ದಾರೆ. ನಿನ್ನವನ್ನೆಲ್ಲ ಮಾತ್ರ ಒಂದೇ ಕಡೆ ಇಡಬೇಕೆಂದು ಹಟ ಹಿಡಿದೆ. ಅಡುಗೆಮನೆಯ ಕಿಟಕಿಯಿಂದ ಕಾಣುವ ಜಾಗ. ಅಲ್ಲಿ ಬಿಸಿಲು ಸಾಲದು ಎಂದಳು. ಸಾಲದಿದ್ದರೆ ದಿನಾ ನಾನೇ ಎತ್ತಿ ಬಿಸಿಲಿಗಿಟ್ಟು ವಾಪಸ್ ತರುತ್ತೇನೆ ಎಂದೆ. ಆಮೇಲೆ ಅವಳು ಸ್ಟ್ಯಾಂಡನ್ನೇ ಕಿಟಕಿಯ ಕಡೆಗೆ ಸರಿಸಿದಳು.

ಕ್ಯಾಮರಾ ಇದೆ. ಅದರ ಮುಂದೆ ಒಂದು ತೂಗುಕುಂಡ ಹಾಕಿದ್ದೇನೆ. ಕಲ್ಲೇಶನ ಫೋನಿನಲ್ಲಿ ಈಗ ಬರೀ ಎಲೆ ಕಾಣುತ್ತದೆ. ಅವನೇ ಅದನ್ನು ಬಿಚ್ಚಿ ಕೆಳಗಿನ ಮೆಟ್ಟಿಲ ಹತ್ತಿರ ಹಾಕಿಸುವುದಾಗಿ ಹೇಳಿದ್ದಾನೆ. ಮಳೆ ಬಿಡಲಿ.

ಪಕ್ಕದ ಕಟ್ಟಡಕ್ಕೆ ಹೊಸದಾಗಿ ಬಂದ ಬ್ಯಾಂಕಿನವರ ಹೆಂಡತಿ ಮೊನ್ನೆ ಬಾಲ್ಕನಿ ನೋಡಲು ಬಂದಿದ್ದಳು. ಬಿಗೋನಿಯಾ ಮುಂದೆ ನಿಂತು ಎಷ್ಟು ಚೆಂದ ಎಂದಳು. ನಾನು ಏಳುವ ಮುಂಚೆಯೇ ನಿಶ್ಚಿತಾ ದಡಬಡನೆ ಎದ್ದು, “ಕೂತಿರಿ ಅಕ್ಕಾ, ಕಾಫಿ ಮಾಡ್ತೀನಿ” ಎಂದು ನನ್ನನ್ನೂ ಒಳಗೆ ಎಳೆದುಕೊಂಡು ಹೋದಳು. ಇಬ್ಬರೂ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆವು. ಹಾಲು ಉಕ್ಕಿತು, ನಾವು ಕಾದೆವು. ಲೋಟ ಸದ್ದು ಮಾಡಿಕೊಂಡು ಹೊರಗೆ ಬಂದರೆ ಆ ಪುಣ್ಯಾತ್ಗಿತ್ತಿ ಫೋನ್ ನೋಡುತ್ತಾ ಕೂತಿದ್ದಾಳೆ. ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ, ಬರಿಗೈಯಲ್ಲಿ ಹೋದಳು. ನಿಶ್ಚಿತಾಳ ಮುಖ ನೋಡಬೇಕಿತ್ತು ನೀನು. ಬಿಗೋನಿಯಾದ ಎಲೆಗಳನ್ನು ಎರಡೆರಡು ಸಲ ಎಣಿಸಿ ನೋಡಿದಳು. ಕಳ್ಳರಿಗೂ ಬರಗಾಲ ಬಂತು ಕಣೇ ಯಮುನಾ.

ಕಲ್ಲೇಶ ನಿನ್ನಲ್ಲಿಗೆ ಬಂದದ್ದು ನಾನು ಕಳಿಸಿ ಅಲ್ಲ. ತಾನಾಗಿ ಬಂದ. ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ನೀನು ಒಂದು ದೋಸೆ ಹಾಕಿದೆಯಂತೆ. ಅವನ ಅಪ್ಪನ ಮಂಡಿನೋವು ವಿಚಾರಿಸಿದೆ, ನಿಶ್ಚಿತಾಳನ್ನು ವಿಚಾರಿಸಿದೆ, ಅಂಗಡಿ ವಿಚಾರಿಸಿದೆ. ನನ್ನನ್ನು ವಿಚಾರಿಸಲಿಲ್ಲ. ಹೊಟ್ಟೆ ತುಂಬಿಸಿ ವಾಪಸ್ ಕಳಿಸಿದೆ. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: “ಅಮ್ಮಾ, ಯಮುನತ್ತೆ ಹಿತ್ತಲಲ್ಲಿ ಬರೀ ಗುಂಡಿ. ಗುಂಡಿ ತುಂಬ ನೀರು ನಿಂತಿದೆ.” ಆಮೇಲೆ ಕೈಕಾಲು ತೊಳೆಯುವ ನೆಪದಲ್ಲಿ ಸ್ನಾನದ ಮನೆಗೆ ಹೋದವನು ಬೇಗ ಹೊರಗೆ ಬರಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಅವತ್ತಿಗೆ ಇಳಿಯಿತು.

ನಿನ್ನ ಮೇಲಿನದು ಇಳಿದಿಲ್ಲ. ಹೌದು, ನನಗೂ ಸಿಟ್ಟಿದೆ, ಬರೆಯದಿದ್ದರೆ ಹೊಟ್ಟೆಯಲ್ಲಿ ಉಳಿಯುತ್ತದೆ. ನನ್ನ ಮಗ ಗಿಡಗಳ್ಳಿ ಎಂದ. ಬುದ್ಧಿಯಿಲ್ಲದೆ ಅಂದ. ನೀನು ಎಲ್ಲ ಕಿತ್ತು ವಾಪಸ್ ಕಳಿಸಿ, ಹೌದು, ಕದ್ದದ್ದೇ ಎಂದು ಒಪ್ಪಿಕೊಂಡ ಹಾಗಾಯಿತಲ್ಲ. ಮೂವತ್ತು ಚಿಲ್ಲರೆ ವರ್ಷ ನಾನು ಒಳಗೆ ಹೋಗಿ ನಿಂತದ್ದು ಹಾಗಾದರೆ ಏನು? ಒಂದು ಸಲ ಬಸ್ಸು ಹತ್ತಿ ಬಂದು, ಕುಸುಮಾ, ನಿನ್ನ ಮಗ ಹೀಗೆ ಮಾಡಿದ ಎಂದು ನನ್ನ ಎದುರಿಗೆ ನಿಂತು ಬೈಯಬಹುದಿತ್ತು. ಬೈದಿದ್ದರೆ ನಾನೂ ನಿನ್ನ ಜೊತೆ ಸೇರಿ ಬೈಯುತ್ತಿದ್ದೆ. ನಗುವ ಹತ್ತು ಜನರ ಮುಂದೆ ನಿನ್ನ ಮಾನ ಹೋಯಿತು, ಅದು ಸಣ್ಣದಲ್ಲ, ನನಗೆ ಗೊತ್ತು. ಆ ಹತ್ತು ಜನರಲ್ಲಿ ನಾನಿರಲಿಲ್ಲ ಎಂಬುದು ನಿನಗೆ ಗೊತ್ತಿರಬೇಕಿತ್ತು. ಲೆಕ್ಕ ಚುಕ್ತಾ ಮಾಡುವುದೇ ಆದರೆ ನಾನು ಏನನ್ನು ಕಳಿಸಲಿ? ನನ್ನ ಮುತ್ತುಮಲ್ಲಿಗೆ ನಿನ್ನದು, ಕಾಕಡ ನಿನ್ನದು, ದೊಡ್ಡಪತ್ರೆ ನಿನ್ನದು. ಎಲ್ಲ ಕಿತ್ತರೆ ಇಲ್ಲಿ ಉಳಿಯುವುದು ಕಲ್ಲೇಶ ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ ಹುಲ್ಲು.

ಆದ್ದರಿಂದ ನಾನು ಏನನ್ನೂ ಕಳಿಸುವುದಿಲ್ಲ. ನೀನು ಬಾ. ಶ್ರಾವಣಕ್ಕೆ ಮುಂಚೆಯೇ ಬಾ. ರಾತ್ರಿ ಉಳಿಯುವ ಹಾಗೆ ಬಾ. ನಿನ್ನ ಗಿಡಗಳು ಇಲ್ಲಿ ಬದುಕಿವೆ, ಆದರೆ ಸುಖವಾಗಿವೆ ಎಂದು ಮಾತ್ರ ಹೇಳಲಾರೆ. ಹಿತ್ತಲಲ್ಲಿ ಕಾಲು ಚಾಚಿ ಬೆಳೆದವು, ಡಬರಿಯಲ್ಲಿ ಮುದುರಿ ಕೂತಿವೆ. ಹೋದ ದಿಕ್ಕಿಗೇ ಅವು ಮತ್ತೆ ಹೋಗಬೇಕು. ಹೇಗೆ ಹೋಗಬೇಕೆಂದು ನಿನಗೆ ಹೇಳಿಕೊಡಬೇಕಿಲ್ಲ.

ನಾರಾಯಣಣ್ಣನಿಗೆ ನನ್ನ ನಮಸ್ಕಾರ. ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ, ಇನ್ನೊಮ್ಮೆ ಆ ಕೆಲಸ ಕೊಡಬೇಡ. ಮಗಳು ದಿವ್ಯಳಿಗೂ ಅವಳ ಪುಟ್ಟ ಕೂಸಿಗೂ ಈ ದೊಡ್ಡಮ್ಮನ ಆಶೀರ್ವಾದ. ಕೂಸಿಗೆ ಹಲ್ಲು ಬಂತಂತೆ, ಜಟ್ಟಪ್ಪ ಹೇಳಿದ. ರಾಕೇಶನಿಗೂ ಹೊಸ ಮನೆಯಲ್ಲಿ ಒಳ್ಳೆಯದಾಗಲಿ, ಅವನ ಅಂಗಳದಲ್ಲಿ ಒಂದಾದರೂ ಗಿಡ ಬರಲಿ. ನಿನಗೆ ಕಾಯಿಲೆ ಕಸಾಲೆ ಬಾರದೆ, ಕೈ ಮಣ್ಣಾಗುವ ಭಾಗ್ಯ ಇನ್ನೂ ಬಹಳ ವರ್ಷ ಇರಲಿ.

ನಿನ್ನ,
ಕುಸುಮಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಬಿಟ್ಟದ್ದು. ಲಕೋಟೆಗೆ ಹಾಕಿ ಮತ್ತೆ ಹೊರಗೆ ತೆಗೆದು ಬರೆಯುತ್ತಿದ್ದೇನೆ.

ಆ ದಿನ ದಾಸವಾಳ ಕಂಡ ಮೇಲೆ ಉಳಿದ ಗಂಟುಗಳನ್ನೆಲ್ಲ ಗಡಿಬಿಡಿಯಲ್ಲಿ ಬಿಚ್ಚಿದೆ. ಗಿಡ ಬಾಡೀತೆಂಬ ಆತುರ ಎಂದು ನಿಶ್ಚಿತಾ ತಿಳಿದಳು. ಒಂದು ಗಿಡ ಆ ಚೀಲಗಳಲ್ಲಿ ಇರಬಾರದು ಎಂದು ದೇವರನ್ನು ಬೇಡಿಕೊಳ್ಳುತ್ತಾ ಅದನ್ನೇ ಹುಡುಕುತ್ತಿದ್ದೆ. ನಮ್ಮ ದೀಕ್ಷಾಳ ಬ್ರಹ್ಮಕಮಲ. ಶಾಲೆಯಿಂದ ಬರುವಾಗ ಯಾರದೋ ಬೇಲಿಯಿಂದ ಒಂದು ಎಲೆ ತಂದು ತಾನೇ ಊರಿದ್ದಳು. ಮಳೆಗಾಲ ಬಂದರೆ ಸಂಜೆ ಸಂಜೆ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, “ಅಮ್ಮಾ, ಇವತ್ತು ಬಿಡ್ತದಾ?” ಎಂದು ಕೇಳುತ್ತಿದ್ದಳು. ನಾಳೆ ಬಿಡುತ್ತದೆ ಎನ್ನುತ್ತಿದ್ದೆ. ಒಂಬತ್ತು ತುಂಬುವ ಮೊದಲೇ ಜ್ವರ ಅವಳನ್ನು ತೆಗೆದುಕೊಂಡು ಹೋಯಿತು, ಗಿಡ ಇನ್ನೂ ಮೊಗ್ಗು ಕಂಡಿರಲಿಲ್ಲ.

ಸತ್ತ ಮಗುವಿನ ಕೈಯ ಗಿಡ ಮನೆಯಲ್ಲಿ ಬೇಡ, ಹೊಳೆಗೆ ಬಿಡಿ ಎಂದರು ಅತ್ತೆ. ನನಗೆ ಇಟ್ಟುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಆಗ ನೀನು ಬಂದೆ. ನಾನು ಕಾಫಿ ಮಾಡುತ್ತೇನೆ ಎಂದು ಒಳಗೆ ಹೋಗಿ, ಒಲೆ ಹಚ್ಚದೆ, ಗೋಡೆಗೆ ಹಣೆ ಇಟ್ಟು ನಿಂತಿದ್ದೆ. ಹೊರಗೆ ಬಂದಾಗ ಕುಂಡ ಖಾಲಿಯಿತ್ತು, ನೀನೂ ಇರಲಿಲ್ಲ. ಅಂದಿನಿಂದ ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಮನೆಗೆ ಎಷ್ಟು ಸಲ ಬಂದಿದ್ದೇನೆ, ಅದು ಇದ್ದೀತೆಂದು ಹಿತ್ತಲ ಆ ಕೊನೆಗೆ ಒಮ್ಮೆಯೂ ಕಾಲಿಡಲಿಲ್ಲ. ನೀನೂ ಬಾ ನೋಡು ಎಂದು ಕರೆಯಲಿಲ್ಲ.

ಮೂರು ಚೀಲಗಳಲ್ಲೂ ಅದು ಇರಲಿಲ್ಲ. ಅದು ಬಂದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ ಯಮುನಾ, ಇನ್ನೇನನ್ನೂ ಬರೆಯುತ್ತಿರಲಿಲ್ಲ. ಅದನ್ನು ನನಗೆ ಕಳಿಸಬೇಡ, ನಿನ್ನಲ್ಲೇ ಇರಲಿ. ಒಂದೇ ಒಂದು ಮಾತು ಹೇಳು, ಇಷ್ಟು ವರ್ಷ ಬಾಯಿಗೆ ಬರದದ್ದನ್ನು ಇವತ್ತು ಕೇಳುತ್ತಿದ್ದೇನೆ.

ಅದು ಹೂ ಬಿಟ್ಟಿತಾ?